ಠಾಣೆ ಬಂದಾಗ ಚಹಾಕ್ಕೆ ನೀರು

ಇವತ್ತು ಮಾಡಿದ ಕೆಲಸಗಳು: ಐದೂವರೆಗೆ ನೀರು ಬಂತು, ಎರಡು ಡ್ರಮ್ ತುಂಬಿಸಿದೆ. ಅಕ್ಕನ ಕಣ್ಣಿಗೆ ಹನಿ ಬಿಟ್ಟೆ. ಮಗಳ ಕುರ್ತಾಕ್ಕೆ ಇಸ್ತ್ರಿ. ಮಜ್ಜಿಗೆ ಅನ್ನ ಕಲಸಿ, ಬದಿಗೆ ಒಂದು ಮಿಡಿ ಉಪ್ಪಿನಕಾಯಿ ಇಟ್ಟು ಭಾವನ ಹಳೆಯ ಸ್ಟೀಲ್ ಡಬ್ಬಿಗೆ ತುಂಬಿದೆ. ನಮ್ಮ ಡೊಂಬಿವಲಿಯಿಂದ ಟಿಟ್ವಾಲಾಕ್ಕೆ ಮುಂಬಯಿ ಲೋಕಲಿನ ಎರಡು ರಿಟರ್ನ್ ಟಿಕೆಟು ತೆಗೆದೆ. ಅಲ್ಲಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಪುಸ್ತಕದ ಕೊನೆಯ ಇಪ್ಪತ್ತೆರಡು ಪುಟ ಓದಿ ಮುಗಿಸಿದ್ದಾಯಿತು. ಬರುವಾಗ ಒಂದು ಕಟ್ಟು ಕೊತ್ತಂಬರಿ, ಅರ್ಧ ಕಿಲೋ ತೊಂಡೆಕಾಯಿ.

ಪುಸ್ತಕ ನನ್ನ ಭಾವನದು. ಭಾವ ಎಂದರೆ ಅಕ್ಕನ ಗಂಡ. ರಶಿಯಾದ ಹಳೆಯ ಕಾದಂಬರಿ, ಕನ್ನಡಕ್ಕೆ ಯಾರೋ ತಾಳ್ಮೆಯವರು ತಂದದ್ದು. ಅಕ್ಕಿ ಅಳೆಯುವ ಸೇರಿನಷ್ಟು ದಪ್ಪ. ಮೊದಲ ಪುಟದಿಂದಲೇ ಹಿಮ, ಕುದುರೆಗಾಡಿ, ಒಬ್ಬೊಬ್ಬನಿಗೆ ಮೂರು ಮೂರು ಹೆಸರು. ಹೋದ ವರ್ಷ ಸಂಕ್ರಾಂತಿಯ ವಾರದಲ್ಲಿ, ಒಂದು ಮಧ್ಯಾಹ್ನ, ಟಿಟ್ವಾಲಾ ಸ್ಟೇಷನ್ನಿನ ಬೆಂಚಿನಲ್ಲಿ ಭಾವ ಕೂತಲ್ಲೇ ಹೋಗಿಬಿಟ್ಟರು. ಎದೆ ಕೈಕೊಟ್ಟಿತ್ತು. ರೈಲ್ವೆಯವರು ಒಪ್ಪಿಸಿದ ಚೀಲದಲ್ಲಿ ಖಾಲಿ ಡಬ್ಬಿ, ಕನ್ನಡಕ, ಈ ಪುಸ್ತಕ.

ಅವರು ಆ ಹೊತ್ತಿಗೆ ಇರಬೇಕಾದದ್ದು ರಬಾಳೆಯಲ್ಲಿ. ಅಲ್ಲಿನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಅವರಿಗೆ ಕೆಲಸ. ರಬಾಳೆ ಒಂದು ದಿಕ್ಕು, ಟಿಟ್ವಾಲಾ, ಆ ಹೆಸರಾದ ಗಣಪತಿ ಗುಡಿಯ ಊರು, ಪೂರ್ತಿ ಇನ್ನೊಂದು ದಿಕ್ಕು. "ಗಣಪತಿ ನೋಡಲಿಕ್ಕೆ ಹೋಗಿರ್ತಾರೆ, ಪುಣ್ಯದ ಸಾವು" ಎಂದು ಬಂದವರೆಲ್ಲ ಹೇಳಿದರು. ಅಕ್ಕ ತಲೆಯಾಡಿಸುತ್ತಿದ್ದಳು. ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಮಾತ್ರ ಕೇಳುತ್ತಿದ್ದಳು: "ಮನೆ ಹತ್ತಿರದ ದೇವಸ್ಥಾನಕ್ಕೆ ಕರೆದರೆ ಬಾರದ ಮನುಷ್ಯ. ನನಗೆ ಹೇಳದೆ ಅಲ್ಲಿಗೆ ಯಾಕೆ ಹೋದ್ರು? ಮೂವತ್ತು ವರ್ಷದಲ್ಲಿ ನನ್ನ ಹತ್ತಿರ ಒಂದು ಸುಳ್ಳು ಹೇಳಿದವರಲ್ಲ."

ಇದೊಂದೇ ಪ್ರಶ್ನೆ. ಮಕ್ಕಳಿಲ್ಲದ ಅಕ್ಕನನ್ನು ನಾವು ನಮ್ಮ ಮನೆಗೆ ಕರೆದುಕೊಂಡು ಬಂದೆವು. ಬಟ್ಟೆಯ ಎರಡು ಗಂಟಿನ ಜೊತೆ ಆ ಪ್ರಶ್ನೆಯೂ ಬಂತು. ಅನ್ನ ಕಲಸುವಾಗ ಅವಳ ಕೈ ನಿಲ್ಲುತ್ತಿತ್ತು.

ಏಪ್ರಿಲಿನಲ್ಲಿ ಬಿಸು ಹಬ್ಬದ ಮರುದಿನ ಅವಳೇ ಚೀಲ ಬಿಚ್ಚಿ ಪುಸ್ತಕ ತಂದು ನನ್ನ ಮಡಿಲಲ್ಲಿ ಇಟ್ಟಳು. ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಮಂಜು, ಅಕ್ಷರ ಹಿಡಿಯುವುದಿಲ್ಲ. "ಓದು. ಅವರು ಏನು ಓದ್ತಾ ಇದ್ರು ನೋಡುವ."

ಓದತೊಡಗಿದ ಮೇಲೆ ಅಂಚಿನಲ್ಲಿ ಪೆನ್ಸಿಲಿನ ಗುರುತು ಕಂಡಿತು. ಒಂದು ಕಡೆ "ರ". ಎರಡು ಪುಟ ಕಳೆದು "ಠಾ". ಮತ್ತೆ "ರ", ಮತ್ತೆ "ಠಾ". ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಸ್ಟೋರ್ಸಿನವರ ಅಭ್ಯಾಸ, ಯಾವುದು ಎಲ್ಲಿಗೆ ಬಂದು ನಿಂತಿತು ಎಂದು ಗುರುತು ಹಾಕದೆ ಬಿಡುವವರಲ್ಲ. ಅವರ ಮನೆಯೂ ಡೊಂಬಿವಲಿಯಲ್ಲೇ; ಅಲ್ಲಿಂದ ಠಾಣೆಯವರೆಗೆ ಲೋಕಲಿನಲ್ಲಿ ಮೂಗು ಒರೆಸಲೂ ಕೈ ಎತ್ತುವ ಹಾಗಿಲ್ಲ. ಠಾಣೆಯಲ್ಲಿ ಗಾಡಿ ಬದಲಿಸಿದ ಮೇಲೆ ಸೀಟು ಸಿಗುತ್ತದೆ. ಅಲ್ಲಿಂದ ರಬಾಳೆಯವರೆಗೆ ಓದುವುದು, ಇಳಿಯುವಾಗ "ರ". ಸಂಜೆ ರಬಾಳೆಯಿಂದ ಠಾಣೆಯವರೆಗೆ, ಇಳಿಯುವಾಗ "ಠಾ". ಆಮೇಲೆ ಪುಸ್ತಕ ಚೀಲಕ್ಕೆ.

"ಸ್ಟೇಷನ್ ಬಂದರೆ ಅದನ್ನೂ ಓದು" ಎಂದಳು ಅಕ್ಕ.

ಹೀಗೆ ನಮ್ಮ ಓದಿಗೆ ಅಳತೆ ಸಿಕ್ಕಿತು. ದಿನಕ್ಕೆ ಅವರು ಓದಿದಷ್ಟೇ ನಾವು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ, ಗ್ಯಾಲರಿಯ ಬಾಗಿಲ ಹತ್ತಿರ ಚಾಪೆ. "ರಬಾಳೆ" ಎಂದು ಓದಿದರೆ ಅಕ್ಕ ಕಾಲು ಮಡಚಿ ಕೂರುವಳು. "ಠಾಣೆ" ಎಂದರೆ ಎದ್ದು ಚಹಾಕ್ಕೆ ನೀರಿಡುವಳು. ಠಾಣೆ ಬಂತೆಂದರೆ ಅವರು ಮನೆ ಮುಟ್ಟಲು ಮುಕ್ಕಾಲು ಗಂಟೆ; ಅವರ ಮನೆಯಲ್ಲೂ ಸಂಜೆಯ ಚಹಾ ಆ ಲೆಕ್ಕದ ಮೇಲೆಯೇ ಇತ್ತು. ಮೂರು ಲೋಟಕ್ಕೆ ಇಡುತ್ತಿದ್ದಳು. ನಾನು ಒಂದು, ಅವಳು ಒಂದು. ಮೂರನೆಯದು ಆರುತ್ತ ಕೂರುವುದು, ಕಾಲೇಜಿನಿಂದ ಬಂದ ಮಗಳು ಕುಡಿಯುವಳು. ಅವಳಿಗೆ ನಮ್ಮ ಮಾತು ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿ. "ಮಾವಶೀ, ಠಾಣೆ ಆಲಂ ಕಾ?" ದೊಡ್ಡಮ್ಮಾ, ಠಾಣೆ ಬಂತಾ, ಎನ್ನುತ್ತಲೇ ಚಪ್ಪಲಿ ಬಿಡುತ್ತಿದ್ದಳು.

ಆ ಮುಕ್ಕಾಲು ಗಂಟೆ ನಾವಿಬ್ಬರೂ ಮೆಟ್ಟಿಲಿನ ಕಡೆ ಕಿವಿ ಇಟ್ಟು ಕೂರುತ್ತಿದ್ದೆವು. ನಮ್ಮದು ಲಿಫ್ಟ್ ಇಲ್ಲದ ಕಟ್ಟಡ. ಭಾವ ನಮ್ಮಲ್ಲಿಗೆ ಬರುವಾಗ ಎರಡನೇ ಮಾಳಿಗೆಯ ತಿರುವಿನಲ್ಲಿ ನಿಂತು ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಆ ಹೊತ್ತಿಗೆ ಯಾರೇ ಮೆಟ್ಟಿಲು ಹತ್ತಲಿ, ತಿರುವಿಗೆ ಬಂದಾಗ ಅಕ್ಕನ ಲೋಟ ತುಟಿಯ ಹತ್ತಿರ ನಿಲ್ಲುತ್ತಿತ್ತು. ನನ್ನದೂ ನಿಲ್ಲುತ್ತಿತ್ತು. ಹೆಜ್ಜೆ ಮೇಲೆ ಹೋದ ಮೇಲೆ ಕುಡಿಯುತ್ತಿದ್ದೆವು.

ಕತೆಯನ್ನು ಅಕ್ಕ ತನ್ನ ಹಾಗೆ ಕೇಳಿದಳು. ಕಾದಂಬರಿಯ ಗಂಡಸರು ಬೆಳಗಾದರೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಚಹಾ ಕುಡಿಯುತ್ತ ದೇವರ ಬಗ್ಗೆ, ಸಾವಿನ ಬಗ್ಗೆ ವಾದ ಮಾಡುವರು. "ಅಲ್ಲ ಮಾರಾಯ್ತಿ, ಇಷ್ಟು ಜನ ಗಂಡಸರಲ್ಲಿ ಒಬ್ಬನೂ ಕೆಲಸಕ್ಕೆ ಹೋಗುದಿಲ್ವಾ?" ಎಂದು ಕೇಳಿದಳು. ಇಬ್ಬರೂ ನಕ್ಕೆವು.

ದೀಪಾವಳಿ ಕಳೆದ ವಾರ. ಅರ್ಧ ಪುಸ್ತಕ ಮೀರಿತ್ತು. ಮೂರು ಮೂರು ಹೆಸರಿನವರು ನಾಲಿಗೆಗೆ ತೊಡರುತ್ತಾರೆಂದು ನಾನು ಬೆಳಿಗ್ಗೆಯೇ ಒಮ್ಮೆ ಕಣ್ಣಾಡಿಸಿಕೊಳ್ಳುವುದಿತ್ತು. ಅಂದು ಅಂಚಿನಲ್ಲಿ "ರ" ಇರಬೇಕಾದ ಕಡೆ "ಕಸಾ" ಎಂದಿತ್ತು. ಕಸಾರಾ. ಘಾಟಿನ ಬುಡ, ಲೋಕಲ್ ಮುಗಿಯುವ ಊರು. ಹಾಳೆ ಮಗುಚಿದೆ. "ಪನ್". ಮುಂದೆ "ಕರ್", ಮತ್ತೆ "ಕಸಾ", "ಟಿಟ್", "ಟಿಟ್". ಗಾಡಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿಯವರೆಗೆ. ಒಂದು ಕಡೆ ಕಸಾರಾಕ್ಕೂ ಪನ್ವೇಲಿಗೂ ನಡುವೆ ಓದಿದ್ದು ಅರ್ಧ ಪುಟ. ಅಷ್ಟು ದೂರದ ಹಾದಿ, ಅರ್ಧ ಪುಟ. "ರ" ಮತ್ತೆ ಎಲ್ಲಿಯೂ ಬರಲಿಲ್ಲ; ರಬಾಳೆಗೆ ಹೋಗುವುದೇ ನಿಂತಿತ್ತು.

ನಮ್ಮ ಮನೆಯವರು ರಬಾಳೆಯ ಪಕ್ಕದ ಮಹಾಪೆಯಲ್ಲಿ ಒಂದು ಕ್ಯಾಂಟೀನ್ ನೋಡಿಕೊಳ್ಳುತ್ತಾರೆ. ಸಂಜೆ ಬಂದು ಕಾಲು ತೊಳೆಯುತ್ತಿದ್ದಾಗ ಬಚ್ಚಲಿನ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದೆ, "ಭಾವನ ಕಾರ್ಖಾನೆ ಯಾವಾಗ ಮುಚ್ಚಿದ್ದು?"

ಟವೆಲು ಹಿಡಿದ ಕೈ ನಿಂತಿತು. "ನಿನಗೆ ಯಾರು ಹೇಳಿದ್ರು?"

"ಭಾವ" ಎಂದೆ.

ಅವರು ಅಡುಗೆಮನೆಯ ಕಡೆ ನೋಡಿದರು. ಅಕ್ಕ ಅಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಲ್ಲಿ ಇನ್ನಷ್ಟು ಜೋರು ಬಿಟ್ಟು ಹೇಳಿದರು. ಭಾವನ ಉತ್ತರಕ್ರಿಯೆಗೆ, ಬೊಜ್ಜಕ್ಕೆ, ಅಲ್ಲಿಯವರನ್ನು ಕರೆಯಲೆಂದು ರಬಾಳೆಗೆ ಹೋದರೆ ಗೇಟಿಗೆ ಬೀಗ. ಕಾವಲಿಗೆ ಇದ್ದವನು ಕಲಬುರಗಿ ಕಡೆಯವನು. "ಗಣಪತಿ ಹಬ್ಬದಾಗ ಬಂದ್ ಆಗ್ಯದ್ರೀ. ನಿಮಗ್ ಗೊತ್ತಿಲ್ಲೇನ್ರಿ?" ಎಂದು ಕೇಳಿದನಂತೆ. ಚೌತಿಯಿಂದ ಸಂಕ್ರಾಂತಿಯವರೆಗೆ, ನಾಲ್ಕು ತಿಂಗಳು, ಭಾವ ದಿನಾ ಬೆಳಿಗ್ಗೆ ಡಬ್ಬಿ ಹಿಡಿದು ಮನೆಯಿಂದ ಹೊರಟಿದ್ದರು.

"ಅಕ್ಕನಿಗೆ ಹೇಳಬೇಡ. ಗಣಪತಿ ಅಂತ ನಂಬಿದ್ದಾರೆ, ಹಾಗೇ ಇರಲಿ."

"ಅವಳು ನಂಬ್ಲೇ ಇಲ್ಲ" ಎಂದೆ. ಆದರೂ ಹೇಳಲಿಲ್ಲ. ಒಂದು ಸುಳ್ಳೂ ಹೇಳದ ಗಂಡ ಎಂಬುದೊಂದೇ ಅವಳ ಬಳಿ ಉಳಿದದ್ದು. ಅದನ್ನು ನಾನು ಯಾವ ಕೈಯಿಂದ ತೆಗೆಯಲಿ?

ಮರುದಿನದಿಂದ ಸುಳ್ಳು ಹೇಳುವ ಸರದಿ ನನ್ನದಾಯಿತು. ಎರಡು ಪುಟಕ್ಕೊಮ್ಮೆ "ರಬಾಳೆ", ಮತ್ತೆರಡು ಪುಟಕ್ಕೆ "ಠಾಣೆ". ಕಣ್ಣೆದುರು ಕಸಾರಾ, ಬಾಯಲ್ಲಿ ರಬಾಳೆ. ಅಕ್ಕ ಎದ್ದು ನೀರಿಡುವಳು. ಮೂರನೆಯ ಲೋಟವನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಯಾರೂ ಬಾರದ ಠಾಣೆಯ ಗಾಡಿಗೆ ನಾನೇ ಕೈಯಾರೆ ಹಸಿರು ಬಾವುಟ ತೋರಿಸಿದ ಹಾಗೆ. ಮೆಟ್ಟಿಲಲ್ಲಿ ಹೆಜ್ಜೆ ಕೇಳಿದರೆ ಈಗ ಬೇರೆಯೇ ಹೆದರಿಕೆ: ತಿರುವಿನಲ್ಲಿ ಗಂಟಲು ಸರಿಮಾಡಿ, "ಹಾಗೆ ಬರೆದಿಲ್ಲವಲ್ಲ ನಾನು" ಎಂದು ಬಿಟ್ಟರೆ?

ಒಂದು ತಿಂಗಳು ಹೀಗೆ ನಡೆಸಿದೆ. ಕ್ರಿಸ್‌ಮಸ್ ರಜೆಯ ಹೊತ್ತಿಗೆ ಒಂದು ದಿನ ಕೆಲಸದವಳು ಬಂದಿರಲಿಲ್ಲ, ರಾಶಿ ಬಟ್ಟೆ ಒಗೆದು ಸೊಂಟ ಹಿಡಿದಿತ್ತು. ಬೆಳಿಗ್ಗೆ ಕಣ್ಣಾಡಿಸಲು ಆಗಿರಲಿಲ್ಲ. ಓದುತ್ತ ಓದುತ್ತ, ಅಂಚಿನಲ್ಲಿ ಇದ್ದದ್ದನ್ನೇ ಓದಿಬಿಟ್ಟೆ: "ಡೊಂಬಿವಲಿ."

"ಏನು?" ಎಂದಳು ಅಕ್ಕ.

ನಾನು ಹಾಳೆ ಮಗುಚಿದೆ.

"ನಿದ್ದೆಗಣ್ಣಾ ನಿನಗೆ? ಡೊಂಬಿವಲಿವರೆಗೆ ಓದಿದ್ರಂತೆ! ಸಂಜೆಯ ಲೋಕಲಲ್ಲಿ ಪುಸ್ತಕ ಬಿಡಿಸಿದ್ರೆ ಪಕ್ಕದವನ ಕಣ್ಣಿಗೆ ಚುಚ್ತದೆ" ಎಂದು ನಕ್ಕಳು. ನಾನು ನಗಲಿಲ್ಲ. ಅವಳ ನಗುವೂ ನಿಂತಿತು. ಚಾಪೆಯ ಅಂಚನ್ನು ಬೆರಳಿನಿಂದ ಒತ್ತಿದಳು.

"ಡೊಂಬಿವಲಿವರೆಗೆ ಕೂತು ಓದುವಷ್ಟು ಖಾಲಿ ಗಾಡಿ ಯಾವಾಗ ಇರ್ತದೆ?"

"ಅಕ್ಕ..."

"ಕೇಳಿದ್ದಕ್ಕೆ ಹೇಳು."

"ಮಧ್ಯಾಹ್ನ" ಎಂದೆ.

"ಹಾಂ" ಎಂದಳು. ಆಮೇಲೆ, "ಹಿಂದೆ ಹೋಗು. ಎಲ್ಲಿಂದ ನೀನು ಸರಿಯಾಗಿ ಓದ್ಲಿಲ್ವೋ ಅಲ್ಲಿಂದ, ಸ್ಟೇಷನ್ ಮಾತ್ರ ಓದು."

ಓದಿದೆ. ಕಸಾರಾ. ಪನ್ವೇಲ್. ಕರ್ಜತ್. ಕಸಾರಾ. ಟಿಟ್ವಾಲಾ. ಟಿಟ್ವಾಲಾ. ಹಾಳೆ ಮಗುಚುವ ಸದ್ದು, ನನ್ನ ದನಿ. ಪುಸ್ತಕದ ಕೊನೆಯವರೆಗೆ ಇದ್ದದ್ದನ್ನೆಲ್ಲ ಓದಿದೆ. ಕೊನೆಯ ಇಪ್ಪತ್ತೆರಡು ಪುಟದಲ್ಲಿ ಗುರುತೇ ಇರಲಿಲ್ಲ. ಆಮೇಲೆ ಬೀಗದ ಗೇಟಿನ ಕತೆಯನ್ನೂ ಹೇಳಿದೆ. ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದು ಕಾದೆ.

"ಡಬ್ಬಿ ಎಲ್ಲಿ ತಿಂತಿದ್ರು?" ಎಂದು ಕೇಳಿದಳು.

"ಪ್ಲಾಟ್‌ಫಾರ್ಮಿನಲ್ಲಿ ಇರಬೇಕು."

"ಅದಕ್ಕೇ." ತನ್ನಷ್ಟಕ್ಕೆ ಎಂಬಂತೆ ಹೇಳಿದಳು. "ಅದಕ್ಕೇ ಆಗ ಡಬ್ಬಿ ತೊಳೆದು ಬರ್ತಿತ್ತು. ಅಷ್ಟು ವರ್ಷ ಸಾರಿನ ಜಿಡ್ಡು ಹಾಗೇ ತಂದು ಬಚ್ಚಲಲ್ಲಿ ಇಡ್ತಿದ್ದವರು. ನಿಮ್ಮ ಸ್ಟೋರ್ಸಿಗೆ ಹೊಸ ನಲ್ಲಿ ಹಾಕಿದ್ರಾ ಅಂತ ತಮಾಷೆ ಮಾಡಿದೆ ನಾನು. ಹೌದು ಅಂದ್ರು." ಬೆರಳಲ್ಲಿ ಪುಸ್ತಕದ ದಪ್ಪ ಅಳೆದು, "ಅಲ್ಲ, ನಾಲ್ಕು ತಿಂಗಳಿಗೆ ಓದಿದ್ದು ಇಷ್ಟೇ. ಉಳಿದ ಹೊತ್ತು ಏನು ಮಾಡ್ತಿದ್ರು?"

ಅವತ್ತಿನಿಂದ ಗಾಡಿಯ ಕಿಟಕಿಯಲ್ಲಿ, ಕೈಯಲ್ಲಿ ಏನೂ ಇಲ್ಲದೆ ಕೂತ ಗಂಡಸನ್ನು ಕಂಡರೆ ನಾನು ಇನ್ನೊಮ್ಮೆ ನೋಡುತ್ತೇನೆ.

ಓದು ನಿಂತಿತೆಂದೇ ಎಣಿಸಿದ್ದೆ. ಮರುದಿನ ಊಟವಾದ ಮೇಲೆ ಚಾಪೆ ಹಾಸಿದವಳು ಅವಳೇ. ಇದ್ದ ಸ್ಟೇಷನ್ನನ್ನೇ ಓದಿದೆ. ಠಾಣೆ ಇಲ್ಲದ ಕಾರಣ ಚಹಾಕ್ಕೆ ಯಾವಾಗ ಏಳಬೇಕೆಂದು ಅವಳಿಗೆ ತಿಳಿಯಲಿಲ್ಲ. ಕತ್ತಲಾಗುವವರೆಗೆ ಕೂತೆವು. ಕೊನೆಗೆ ಮಗಳೇ ಬಂದು ಮಾಡಿದಳು, ಮೂರು ಲೋಟ, ಮೂರನೆಯದು ತನಗೆ. ಕಸಾರಾ ಬಂದರೆ ಅಕ್ಕ "ಅಲ್ಲಿ ಚಳಿ ಉಂಟಾ?" ಎನ್ನುವಳು. ಪನ್ವೇಲಾದರೆ "ಬಿಸಿಲು." ಕಾದಂಬರಿಯಲ್ಲಿ ಮುದುಕನೊಬ್ಬ ಹಿಮದಲ್ಲಿ ದಾರಿ ತಪ್ಪಿ ಅಲೆಯುವ ಭಾಗ ಬಂದಾಗ ಓದು ನಿಲ್ಲಿಸಲಾ ಎಂದು ಕೇಳಿದೆ. "ಅವರು ನಿಲ್ಲಿಸಿದ್ದಾರಾ?" ಎಂದಳು. ಅಲ್ಲಿ ಗುರುತು ಇರಲಿಲ್ಲ. ಮುಂದೆ ಓದಿದೆ.

ಗುರುತಿಲ್ಲದ ಇಪ್ಪತ್ತೆರಡು ಪುಟಕ್ಕೆ ಬಂದಾಗ ಅವಳು ಪುಸ್ತಕ ಮುಚ್ಚಿಸಿದಳು. "ಇದು ಮನೆಯಲ್ಲಿ ಬೇಡ."

ಹಾಗಾಗಿ ಇವತ್ತು ಹನ್ನೊಂದೂವರೆಯ ಖಾಲಿ ಗಾಡಿ ಹಿಡಿದೆವು. ಕಲ್ಯಾಣ ಸ್ಟೇಷನ್ ದಾಟಿದ ಮೇಲೆ ಬೋಗಿಯಲ್ಲಿ ನಾವಿಬ್ಬರು, ಮತ್ತೆ ಗರಿಕೆಯ ಬುಟ್ಟಿ ಇಟ್ಟುಕೊಂಡ ಒಬ್ಬಳು. ಟಿಟ್ವಾಲಾದಲ್ಲಿ ಬೆಂಚುಗಳು ಹಲವು. ಯಾವುದು ಎಂದು ನಮಗೆ ಯಾರೂ ಹೇಳಿರಲಿಲ್ಲ. ಅಕ್ಕ ನಲ್ಲಿಯ ಹತ್ತಿರದ್ದನ್ನು ಮುಟ್ಟಿ ನೋಡಿ ಕೂತಳು.

"ಇಲ್ಲಿವರೆಗೆ ಬಂದು ಗಣಪತಿ ನೋಡದೆ ಹೋಗುದಾ?" ಎಂದೆ.

"ಅವರು ನೋಡಿದ್ರಾ?"

"ಗೊತ್ತಿಲ್ಲ."

"ಹಾಗಾದ್ರೆ ಬೇಡ. ಓದು."

ಓದಿದೆ. ಗಾಡಿಗಳು ಬಂದವು, ಹೋದವು. ಸದ್ದಿಗೆ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಕಾದಂಬರಿ ಮುಗಿಯುವುದು ಒಂದು ಮನೆಯಲ್ಲಿ, ಬೆಳಗಿನ ಹೊತ್ತು, ಯಾರೋ ಕಿಟಕಿ ತೆರೆಯುವಲ್ಲಿ. ಮುಗಿಯಿತು ಎಂದೆ. "ಅವರು ಇಲ್ಲಿವರೆಗೆ ಬಂದಿದ್ರಾ?" ಎಂದು ಅಕ್ಕ ಕೇಳಿದಳು. ಗೊತ್ತಾಗುವುದಿಲ್ಲ ಎಂದೆ. ಅವಳು ರವಿಕೆಯೊಳಗಿಂದ ಪೆನ್ಸಿಲಿನ ತುಂಡೊಂದನ್ನು ತೆಗೆದು ಕೊಟ್ಟಳು. ಭಾವನ ಅಂಗಿಯ ಜೇಬಿನಲ್ಲಿ ಇದ್ದದ್ದಂತೆ. "ಬರಿ." ಕೊನೆಯ ಸಾಲಿನ ಪಕ್ಕ "ಟಿಟ್" ಎಂದು ಬರೆದೆ. ಅವಳ ಕೈ ಹಿಡಿದು ಬೆರಳನ್ನು ಅದರ ಮೇಲೆ ಇಟ್ಟೆ.

"ನನಗೆ ಹೇಳಿದ್ರೆ ನಾನೂ ಬರ್ತಿದ್ದೆ" ಎಂದಳು. ಬೆಂಚಿಗೆ ಹೇಳಿದಳೋ, ನನಗೋ. ಆಮೇಲೆ ಒಂದೇ ಡಬ್ಬಿಯಿಂದ ಮಜ್ಜಿಗೆ ಅನ್ನ ತಿಂದೆವು. ಡಬ್ಬಿಯನ್ನು ನಾನು ತೊಳೆಯಹೋದರೆ ಬಿಡದೆ, ತಡವುತ್ತ ನಲ್ಲಿಯವರೆಗೆ ಹೋಗಿ ತಾನೇ ತೊಳೆದಳು. ಒಮ್ಮೆ ತೊಳೆದದ್ದನ್ನು ಮತ್ತೊಮ್ಮೆ.

ಸಂಜೆ ಚಹಾ ಎರಡೇ ಲೋಟಕ್ಕೆ ಇಟ್ಟಳು. ಮಗಳು ಬಂದು ತನ್ನದೆಲ್ಲಿ ಎಂದು ಜಗಳ ಮಾಡಿದಳು, ಅವಳಿಗೆ ಬೇರೆ ಮಾಡಿಕೊಟ್ಟೆ. ಮೆಟ್ಟಿಲ ತಿರುವಿನಲ್ಲಿ ಯಾರೋ ಕೆಮ್ಮಿದರು. ನನ್ನ ಲೋಟ ನಿಂತಿತು, ಅಕ್ಕ ಕುಡಿಯುತ್ತಲೇ ಇದ್ದಳು.

ರಾತ್ರಿಗೆ ಕುಚ್ಚಲಕ್ಕಿ ಗಂಜಿ, ತೊಂಡೆಕಾಯಿ ಪಲ್ಯ, ಸುಟ್ಟ ಹಪ್ಪಳ. ಅಕ್ಕ ಎರಡನೇ ಸಲ ಗಂಜಿ ಹಾಕಿಸಿಕೊಂಡಳು. ಒಂಬತ್ತೂವರೆಗೆ ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ಅವಳೇ.