ಲೆಕ್ಕಕ್ಕಿಲ್ಲದ ಎರಡು ತಂತಿ

ಹೋದ ಭಾನುವಾರ ಮಗಳು ಹಾಲ್‌ನಲ್ಲಿ ಕುಳಿತು ಉಗುರುಬಣ್ಣ ಅಳಿಸುತ್ತಿದ್ದಳು. ವಾರಕ್ಕೊಂದು ಬಣ್ಣ ಬೇಕು ಅವಳಿಗೆ, ಇರಲಿ. ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದ ನನ್ನ ಮೂಗಿಗೆ ಆ ಬಾಟಲಿಯ ವಾಸನೆ ಬಡಿದದ್ದೇ ತಡ, ಕೈ ನಿಂತುಬಿಟ್ಟಿತು. ಅದು ಕಾಕುವಿನ ವಾಸನೆ. ಅವರ ಸೆರಗಿನಲ್ಲಿ, ಬೆರಳ ಸಂದಿಯಲ್ಲಿ, ಕೆಲವೊಮ್ಮೆ ಅವರು ಕೊಟ್ಟ ಚಕ್ಕುಲಿಯಲ್ಲೂ ಇರುತ್ತಿದ್ದ ವಾಸನೆ...

ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆನೇ ಹೊರತು ರಕ್ತಸಂಬಂಧವೇನಲ್ಲ. ಕುಷಾಯಿಗೂಡದಲ್ಲಿ ನಮ್ಮ ಓಣಿಯಲ್ಲೇ ನಾಲ್ಕು ಮನೆ ಆಚೆಗಿದ್ದರು. ಅವರದೂ ಬಾಗಲಕೋಟೆ ಕಡೆ, ನಮ್ಮದೂ ಬಾಗಲಕೋಟೆ ಕಡೆ. ಹೈದರಾಬಾದಿನಲ್ಲಿ ನಂಟಸ್ತಿಕೆಗೆ ಅಷ್ಟು ಸಾಕು. ಅಪ್ಪ ಫ್ಯಾಕ್ಟರಿಯಲ್ಲಿ ಗುಮಾಸ್ತರಾಗಿದ್ದರು. ಕಾಕು ಒಂದು ಆಸ್ಪತ್ರೆಯಲ್ಲಿ, ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆಗಳನ್ನು ಕಾಗದದ ಮೇಲೆ ಬರೆಸಿಕೊಳ್ಳುವ ಕೋಣೆಯಲ್ಲಿ ಕೆಲಸಕ್ಕಿದ್ದರು. ಅಂಟಿದ ತಂತಿಗಳನ್ನು ಬಿಡಿಸಲು ಈ ದ್ರವವನ್ನೇ ಬಳಸುತ್ತಿದ್ದರು. ಓಣಿಯ ಹೆಂಗಸರು ಅದನ್ನು 'ಕರೆಂಟ್ ಕೊಡುವ ಕೋಣೆ' ಎಂದರೆ ಅವರಿಗೆ ಕೆಂಡದಂಥ ಸಿಟ್ಟು.

"ಕೊಡೂದಲ್ರೀ! ತಲ್ಯಾಗ ಇದ್ದದ್ದನ್ನ ಬರಕೊಳ್ಳೂದು, ಅಷ್ಟ!"

ನಾನು ಏಳನೇ ತರಗತಿಯಲ್ಲಿದ್ದಾಗ ಅದು ಶುರುವಾಯಿತು. ಪಾಠ ಓದುತ್ತಾ ಓದುತ್ತಾ ನಡುವೆ ನಿಂತುಬಿಡುತ್ತಿದ್ದೆ. ಬಾಯಿ ತಾನೇ ಏನನ್ನೋ ಅಗಿಯುತ್ತಿತ್ತಂತೆ, ಬೆರಳು ಲಂಗ ಕೀಳುತ್ತಿತ್ತಂತೆ. 'ಅಂತೆ' ಎನ್ನುತ್ತೇನೆ, ಏಕೆಂದರೆ ನನಗೆ ಎಚ್ಚರವೇ ಇರುತ್ತಿರಲಿಲ್ಲ. ಒಂದೆರಡು ನಿಮಿಷ ಬಿಟ್ಟು ನೋಡಿದರೆ ಇಡೀ ಕ್ಲಾಸು ನಗುತ್ತಿರುತ್ತಿತ್ತು. ಹುಣಸೆಹಣ್ಣು ಅಗಿಯುತ್ತಿದ್ದೇನೆಂದು ಟೀಚರ್ ನನ್ನ ಬಾಯಿ ತೆರೆಸಿ ನೋಡಿದರು. ಏನೂ ಸಿಗಲಿಲ್ಲ, ಅದಕ್ಕೆ ಇನ್ನೂ ಕೋಪ. "ಅಂತಾ ನಾಟಕಂ!", ಎಲ್ಲಾ ನಾಟಕ, ಎಂದು ತೆಲುಗಿನಲ್ಲಿ ತೀರ್ಪು ಕೊಟ್ಟು ಅಪ್ಪನನ್ನು ಕರೆಸಿದರು.

ಅಪ್ಪ ಯಾವುದೋ ಕ್ಲಿನಿಕ್ಕಿಗೆ ಕರೆದೊಯ್ದು ತಲೆಯ ಪರೀಕ್ಷೆ ಮಾಡಿಸಿದರು. ಗಡಿಬಿಡಿಯಲ್ಲಿ ಮುಗಿಸಿದ ಪರೀಕ್ಷೆ. ಎಲ್ಲಾ ಸರಿಯಿದೆ, ಹುಡುಗಿಗೆ ಓದು ಬೇಡವಾಗಿರಬೇಕು ಎಂದರು ಅಲ್ಲಿನ ಡಾಕ್ಟರು. ಆ ದಿನ ಅಪ್ಪ ಮೊದಲ ಸಲ ನನ್ನ ಮೇಲೆ ಕೈ ಮಾಡಿದರು. ತಿಂಗಳ ಕೊನೆಗೆ ಶಾಲೆ ಬಿಡಿಸಿ ಇಳಕಲ್ಲಿನ ಅಜ್ಜಿಯ ಹತ್ತಿರ ಬಿಟ್ಟುಬರುವುದೆಂದೂ ತೀರ್ಮಾನಿಸಿದರು. "ಸುಳ್ಳು ಹೇಳೂ ಹುಡುಗಿಗೆ ಸಾಲಿ ಯಾಕ?" ಎಂದರು. ನಾನು ಹೆದರಿ ಸತ್ತುಹೋಗಿದ್ದೆ. ಎಲ್ಲರೂ ಅಷ್ಟು ಖಾತ್ರಿಯಿಂದ ಹೇಳುವಾಗ, ನಾನು ನಿಜವಾಗಿಯೂ ನಾಟಕ ಮಾಡುತ್ತಿದ್ದೇನೋ ಏನೋ ಎಂದು ನನಗೇ ಅನುಮಾನ ಬರತೊಡಗಿತ್ತು.

ಒಂದು ಸಂಜೆ ಜರಡಿ ವಾಪಸು ಕೊಡಲು ಬಂದ ಕಾಕು, ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕುಳಿತಿದ್ದ ನನ್ನನ್ನು ನೋಡಿದರು. ಪಕ್ಕದಲ್ಲಿ ಕುಳಿತರು. ಯಾಕೆ ಅಳುತ್ತೀಯೆಂದು ಕೇಳಲಿಲ್ಲ.

"ಅದು ಬರೂಕಿಂತ ಮೊದಲ ಏನರ ಗೊತ್ತಾಗ್ತೈತೇನು?"

"ವಾಸನಿ ಬರ್ತೈತ್ರಿ. ರಬ್ಬರ್ ಸುಟ್ಟಂಗ."

ಕಾಕು ಜರಡಿ ಎತ್ತಿಕೊಂಡು ಎದ್ದರು. ಸೀದಾ ಒಳಗೆ ಹೋಗಿ ಅವ್ವನಿಗೆ, "ಶನಿವಾರ ನಸುಕಿನ್ಯಾಗ ಎಬ್ಬಿಸಿ ನಮ್ಮ ಆಸ್ಪತ್ರಿಗೆ ಕರಕೊಂಡ ಬಾ. ಈ ಹುಡುಗಿ ಖರೇ ಹೇಳಾಕತ್ತಾಳ," ಎಂದರು. ಅಪ್ಪ ಬರಲೊಪ್ಪಲಿಲ್ಲ. "ಅದ ನಾಟಕಕ್ಕ ಎರಡನೇ ಟಿಕೆಟ್ ನಾ ತಗೊಳ್ಳೂದಿಲ್ಲ," ಎಂದುಬಿಟ್ಟರು.

ಅವ್ವನೋ, ತಲೆಯ ಫೋಟೋ ತೆಗೆಯುತ್ತಾರೆಂದು ತಿಳಿದು ನನ್ನ ಕೂದಲಿಗೆ ಬೊಗಸೆ ಎಣ್ಣೆ ತಿಕ್ಕಿ, ಎರಡು ಜಡೆ ಹಾಕಿ, ರಿಬ್ಬನ್ನು ಕಟ್ಟಿ ಸಿಂಗರಿಸಿಯೇ ಕರೆತಂದಳು. ಕಾಕು ಹಣೆ ಚಚ್ಚಿಕೊಂಡರು. "ಅಯ್ಯ ನಮ್ಮವ್ವಾ! ಭಜಿ ಕರಿಯೂವಷ್ಟು ಎಣ್ಣಿ ಹಚ್ಚೀಯಲ್ಲ, ತಂತಿ ಹೆಂಗ ಕುಂದರಬೇಕು ಇದರ ಮ್ಯಾಲ?" ಬೈಯುತ್ತಲೇ ಸಿಂಕಿನಲ್ಲಿ ನನ್ನ ತಲೆ ಬಗ್ಗಿಸಿ, ಎರಡು ಪಾಕೀಟು ಶಾಂಪೂ ಸುರಿದು ತೊಳೆದರು. ಅವರ ಕೈ ಒರಟು, ಆದರೆ ಕಣ್ಣಿಗೆ ಒಂದು ಹನಿ ಹೋಗಗೊಡಲಿಲ್ಲ.

ಮೊದಲಿನ ಕ್ಲಿನಿಕ್ಕಿನಲ್ಲಿ ಇಂಥವೇ ತಂತಿಗಳನ್ನು ಕಣ್ಣಳತೆಯಲ್ಲೇ ಅಂಟಿಸಿ ಮುಗಿಸಿದ್ದರು. ಕಾಕು ದರ್ಜಿಯ ಟೇಪು ತೆಗೆದರು. ಹುಬ್ಬಿನ ನಡುವಿನ ತಗ್ಗಿನಿಂದ ಹಿಂದಲೆಯ ಗುಬುಟಿನವರೆಗೆ ಒಂದು ಅಳತೆ, ಕಿವಿಯಿಂದ ಕಿವಿಗೆ ಇನ್ನೊಂದು. ಆ ಅಳತೆಯ ಹತ್ತನೇ ಒಂದು ಪಾಲಿಗೆ ಮೊದಲ ಗುರುತು, ಅಲ್ಲಿಂದ ಐದನೇ ಒಂದು ಪಾಲಿಗೊಂದರಂತೆ ಉಳಿದವು, ಕೆಂಪು ಪೆನ್ಸಿಲ್ಲಿನಲ್ಲಿ. "ಎಡಕ್ಕ ಬೆಸ, ಬಲಕ್ಕ ಸಮ, ನಡುವ ಸೊನ್ನಿ," ಎಂದು ತಂತಿಗಳ ನಂಬರು ಬಾಯಲ್ಲಿ ಗುಣಗುಣ. ಒಂದೊಂದು ತಂತಿಯ ಕೆಳಗೂ ಅಂಟು, ಊದಿ ಒಣಗಿಸುವುದು. ಇಪ್ಪತ್ತೊಂದು ಮುಗಿದವು. ಆಮೇಲೆ ಇನ್ನೆರಡು ತೆಗೆದು, ಕಣ್ಣಿನ ಕೊನೆಗೂ ಕಿವಿಗೂ ನಡುವೆ, ಎರಡೂ ಬದಿ ಅಂಟಿಸಿದರು.

ಸಣ್ಣ ವಯಸ್ಸಿನ ಡಾಕ್ಟರೊಬ್ಬರು ಒಳಗೆ ಬಂದವರು ನಕ್ಷೆಯಲ್ಲಿಲ್ಲದ ಆ ಎರಡನ್ನು ನೋಡಿ ರೇಗಿದರು. ಯಾರನ್ನು ಕೇಳಿ ಹಾಕಿದಿರಿ, ತೆಗೆಯಿರಿ ಎಂದರು. ಕಾಕು ತೆಗೆಯಲಿಲ್ಲ. ಹಿಂದಿಯಲ್ಲಿ, ಬಲು ನಮ್ರವಾಗಿ ಹೇಳಿದರು: "ಸಾಬ್, ಬಚ್ಚೀ ಕೋ ಪೈಲೇ ಬಾಸ್ ಆತೀ. ಏಕ್ ಬಾರ್ ದೇಖ್ ಲೇತೇ." ಮಗುವಿಗೆ ಮೊದಲು ವಾಸನೆ ಬರುತ್ತದಂತೆ, ಒಮ್ಮೆ ನೋಡಿಬಿಡೋಣ ಎಂದು. ವಾಸನೆಯಿಂದ ಶುರುವಾಗುವ ಕಾಯಿಲೆ ಕಣತಲೆಯ ಒಳಗೆ ಆಳದಲ್ಲಿ ಅಡಗಿರುತ್ತದೆ, ಮೇಲಿನ ತಂತಿಗಳಿಗೆ ಒಮ್ಮೊಮ್ಮೆ ಸಿಗುವುದಿಲ್ಲ ಎಂಬುದು ಅವರು ಎಷ್ಟೋ ತಲೆಗಳ ಮೇಲೆ ಕೈಯಾಡಿಸಿ ಕಲಿತದ್ದು.

ನಸುಕಿನಲ್ಲಿ ಎದ್ದವಳಿಗೆ, ಕಾಕುವಿಗೆ ಬೇಕಾಗಿದ್ದಂತೆಯೇ, ಅಲ್ಲೇ ನಿದ್ದೆ ಹತ್ತಿತು. ಎಚ್ಚರಾದಾಗ ಕಾಗದ ನೆಲದ ಮೇಲೆ ರಾಶಿ ಬಿದ್ದಿತ್ತು. ಕಾಕು ಒಂದು ಹಾಳೆಯ ಮೇಲೆ ಕೆಂಪು ಗೆರೆ ಎಳೆದು ಹೊರಗೆ ಹೋಗಿದ್ದರು. ಎಡಬದಿಯ ಆ ಹೆಚ್ಚಿನ ತಂತಿಯ ಗೆರೆ ಬರೆಯುವ ಮುಳ್ಳು ಮತ್ತೆ ಮತ್ತೆ ಜಿಗಿದಿತ್ತಂತೆ. ರೇಗಿದ್ದ ಡಾಕ್ಟರೇ ಅಪ್ಪನ ಫ್ಯಾಕ್ಟರಿಗೆ ಫೋನು ಮಾಡಿ, ಇದು ಫಿಟ್ಸಿನ ಕಾಯಿಲೆ, ನಾಟಕವಲ್ಲ, ಗುಳಿಗೆಗೆ ಬಗ್ಗುತ್ತದೆ ಎಂದರು. ಅಪ್ಪ ಸಂಜೆ ಗುಳಿಗೆ ತಂದರು. ನನ್ನ ಮುಖ ನೋಡಲಾಗದೆ ಬಾಗಿಲಲ್ಲೇ ನಿಂತು "ಊಟಾ ಮಾಡಿದೇನು?" ಎಂದು ಕೇಳಿದರು. ಇಳಕಲ್ಲಿನ ಮಾತು ಮತ್ತೆ ಬರಲಿಲ್ಲ.

ಮುಂದೆ ಕಾಕು ನಿವೃತ್ತರಾಗಿ ಉಪ್ಪಲ್‌ನಲ್ಲಿದ್ದ ಮಗನ ಮನೆಗೆ ಹೋದರು. ಹಬ್ಬಕ್ಕೊಮ್ಮೆ ಫೋನು, ಅಷ್ಟೇ... ಎರಡು ವರ್ಷದ ಹಿಂದೆ, ಆಫೀಸಿನಲ್ಲಿ ಉಸಿರಾಡಲೂ ಪುರುಸೊತ್ತಿಲ್ಲದ ಹೊತ್ತಿಗೆ ಅವರ ಫೋನು ಬಂತು.

"ಮಾತಾಡೂವಾಗ ಶಬ್ದನ ಸಿಗವಲ್ಲವು ನೋಡವಾ, ನಡಕ ನಡಕ. ಬಲಗೈನೂ ಜುಮ್ ಅಂತೈತಿ. ಮಗನ ಮುಂದ ಹೇಳಿಲ್ಲ, ಗಾಬರಿ ಆಗ್ತಾನ. ನಿನ್ನ ಮುಂದ ಹೇಳಾಕತ್ತೀನಿ."

"ವಯಸ್ಸಾತಲ್ರೀ ಕಾಕು, ಎಲ್ಲಾರಿಗೂ ಹಂಗ ಆಗ್ತೈತಿ. ಸುಮ್ನ ತಲಿ ಕೆಡಿಸ್ಕೋಬ್ಯಾಡ್ರಿ," ಎಂದೆ ನಾನು. ಕೈಯಲ್ಲಿ ಫೈಲಿತ್ತು.

"ಹೌದೇನು... ಹಂಗಾರ ಇರ್ಲಿ ಬಿಡು," ಎಂದು ಇಟ್ಟುಬಿಟ್ಟರು.

ವಾರ ತುಂಬುವುದರೊಳಗೆ ಮೆದುಳಿನ ನಾಳ ಒಡೆದು ಹೋಗಿಬಿಟ್ಟರು. ಉಪ್ಪಲ್‌ಗೆ ಹೋದೆ. ಅವರ ಮಗ ನನ್ನ ಕೈ ಹಿಡಿದುಕೊಂಡು ಅತ್ತ. "ಅವ್ವ ಯಾರ ಮುಂದೂ ಏನೂ ಹೇಳಿರಲಿಲ್ಲ ಅಕ್ಕಾ. ಒಂದ ಮಾತು ಹೇಳಿದ್ರ ಎತ್ತಿಕೊಂಡು ಓಡತಿದ್ದೆ," ಎಂದ. ನಾನು ಹೂಂ ಎಂದೆ. ಅಷ್ಟೇ ಎಂದದ್ದು.

ಇವತ್ತಿಗೂ ಅವನಿಗೆ ಹೇಳಿಲ್ಲ. ಇಲ್ಲಿ ಬರೆಯಲು ಧೈರ್ಯ ಬಂದದ್ದಾದರೂ ಹೇಗೆಂದರೆ, ಹೈದರಾಬಾದಿನಲ್ಲೇ ಓದಿ ಬೆಳೆದ ಅವನಿಗೆ ಕನ್ನಡ ಓದಲು ಬರುವುದಿಲ್ಲ.