ಶೇಷಮ್ಮ ಸಿಸ್ಟರ್ ಆಡಿದ ಮಾತು

ತೀರ್ಥಹಳ್ಳಿಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಶೇಷಮ್ಮ ಸಿಸ್ಟರ್ ಎಂದರೆ ಗಟ್ಟಿ ಹೆಂಗಸು. ಹೆರುವವಳಿಗೆ ಗದರುತ್ತಲೇ ಬೆನ್ನು ನೀವುವ ಕೈ ಅವಳದು. ಆದರೆ ನಾಲಿಗೆಗೆ ಎಲುಬಿಲ್ಲ ನೋಡಿ.

ಅಂದು ಬೆಳಿಗ್ಗೆ ಒಂದು ಕೂಸು ಹುಟ್ಟುತ್ತಲೇ ಹೋಯಿತು. ಹೆರಿಗೆಯಲ್ಲಿ ಕೂಸನ್ನು ಹಿಡಿದವರೇ ಅದನ್ನು ಒರೆಸಿ, ಬಟ್ಟೆ ಸುತ್ತಿ, ಅಪ್ಪನ ಕೈಗೆ ಕೊಡಬೇಕೆಂಬುದು ಆ ವಾರ್ಡಿನ ರೂಢಿ. ಅಂದು ಹಿಡಿದವಳು ಹೊಸದಾಗಿ ಸೇರಿದ್ದ ನರ್ಸ್, ಪಕ್ಕದ ಮೇಳಿಗೆ ಊರಿನ ಹುಡುಗಿ ಭವ್ಯಾ. ಕೊಟ್ಟು ಬಂದಳು. ಕೈ ತೊಳೆಯುವಷ್ಟರಲ್ಲಿ ಇನ್ನೊಬ್ಬಳಿಗೆ ಗಂಡು ಮಗು ಹುಟ್ಟಿ, ಅದರ ಅಜ್ಜಿ ಸಕ್ಕರೆ ಹಂಚುತ್ತಾ ಬಂದಳು. ಭವ್ಯಾ ಬೇಡವೆಂದು ತಲೆಯಾಡಿಸಿದಳು.

“ತಗಳೇ, ಬೇಡ ಅನ್ಬಾರ್ದು. ಬಾಣಂತಿ ಮನೆಯವ್ರಿಗೆ ಬೇಜಾರಾಗ್ತದೆ,” ಎಂದು ಶೇಷಮ್ಮನೇ ಅವಳ ಬಾಯಿಗೆ ಹಾಕಿದಳು. ಹುಡುಗಿ ಹೊರಗೋಡಿ ವಾಂತಿ ಮಾಡಿದಳು.

“ಎಂತದೇ, ನಿಂಗೂ ಬಯಕೆಯಾ?” ಎಂದುಬಿಟ್ಟಳು ಶೇಷಮ್ಮ.

ವಾರ್ಡಿಗೆ ವಾರ್ಡೇ ನಕ್ಕಿತು. ಮದುವೆಯಾಗದ ಹುಡುಗಿ ಗೋಡೆ ಹಿಡಿದು ನಿಂತಿದ್ದಳು. ಕೂಸು ಕಳೆದುಕೊಂಡವಳಿಗೂ ಆ ನಗು ಕೇಳಿಸಿತು.

ಮರುದಿನದಿಂದ ಭವ್ಯಾ ಬರಲಿಲ್ಲ. ಕೆಲಸ ಬಿಡುತ್ತೇನೆಂದು ವಾಟ್ಸಾಪಿನಲ್ಲಿ ಹಾಕಿದಳಷ್ಟೆ. ಶೇಷಮ್ಮ ಆ ಮೆಸೇಜನ್ನು ಮತ್ತೆ ಮತ್ತೆ ತೆಗೆದು ಓದಿದಳು. ಹುಡುಗಿಯ ಮನಸ್ಸು ಹಗುರಾಗಲಿ ಎಂದಲ್ಲವೇ ತಾನು ನಗಿಸಿದ್ದು? ಅಲ್ಲ. ಭವ್ಯಾಳ ಆ ಮುಖ ನೋಡಿದರೆ ತನಗೇ ಅಳು ಬರುತ್ತಿತ್ತು. ಅದಕ್ಕೆ ಹೆದರಿ ಹಾಗಂದದ್ದು.

ರಜೆಯ ದಿನ ಮೇಳಿಗೆಯ ಬಸ್ಸು ಹತ್ತಿದಳು. ಭವ್ಯಾ ಜಗಲಿಯಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದಳು. ಏಳಲಿಲ್ಲ.

“ತಪ್ಪಾಯ್ತು ಮಾರಾಯ್ತಿ.”

“ಬೈದಿದ್ರೆ ತಡ್ಕಳ್ತಿದ್ದೆ ಅಕ್ಕಾ. ಆ ಮಗೂನ ಬಿಸಿ ಇನ್ನೂ ನನ್ ಕೈಯಲ್ಲೇ ಇತ್ತು. ನೀವು ಎಲ್ರನ್ನೂ ನಗಿಸಿದ್ರಿ.”

ಶೇಷಮ್ಮ ಪಕ್ಕದಲ್ಲಿ ಕೂತು ತಾನೂ ಬೀಜ ಸುಲಿಯತೊಡಗಿದಳು. ಊಟದ ಹೊತ್ತು ಮೀರುವವರೆಗೂ ಭವ್ಯಾ ಆ ಬೆಳಗಿನದೆಲ್ಲ ಹೇಳಿದಳು, ಅತ್ತಳು. ಶೇಷಮ್ಮ ನಡುವೆ ಬಾಯಿ ಹಾಕಲಿಲ್ಲ.

ಹೊರಡುವಾಗ ಕೇಳಿದಳು: “ಕೆಲಸಕ್ಕೆ ಬರ್ತೀಯನೇ?”

“ಬರ್ತೀನಿ. ನಿಮ್ ಪಾಳಿಗೆ ಮಾತ್ರ ಬೇಡ.”

ಮರುದಿನ ಶೇಷಮ್ಮನೇ ಮೇಲಿನವರಿಗೆ ಹೇಳಿ ತನ್ನ ಪಾಳಿ ಬದಲಿಸಿಕೊಂಡಳು. ಇನ್ನೊಂದು ರೂಢಿಯನ್ನೂ ಹಾಕಿದಳು. ಈಗ ಕೂಸು ತೀರಿಕೊಂಡರೆ, ಒಪ್ಪಿಸಿ ಬಂದವಳನ್ನು ಜೊತೆಯವಳೊಬ್ಬಳು ಒಳಕೋಣೆಗೆ ಕರೆದೊಯ್ದು, ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಾಳೆ. ಅಳು ಮುಗಿಯುವವರೆಗೆ ಉಳಿದವರು ವಾರ್ಡು ನೋಡಿಕೊಳ್ಳುತ್ತಾರೆ. ಒಳ್ಳೆಯ ಕೆಲಸ ಮಾಡಿದಿರಿ ಎಂದು ಡಾಕ್ಟರೂ ಹೊಗಳುತ್ತಾರೆ. ಹೊಗಳಿದಾಗಲೆಲ್ಲ ಅವಳು ತಲೆ ತಗ್ಗಿಸುತ್ತಾಳೆ. ಪಾಳಿ ಬದಲಾಗುವ ಹೊತ್ತಿಗೆ ಭವ್ಯಾ ಎದುರಾದರೆ ಯಾರಿಗೆ ನೋವು ಶುರುವಾಗಿದೆ, ಯಾರಿಗೆ ಡ್ರಿಪ್ ಹಾಕಿದೆ ಎಂಬಷ್ಟೇ ಮಾತು. ಅದಕ್ಕಿಂತ ಹೆಚ್ಚು ಕೇಳಲು ಶೇಷಮ್ಮನಿಗೆ ಬಾಯಿಲ್ಲ.