ಕ್ಯಾಸೆಟ್ಟಿನೊಳಗಿನ ಮನೆ

ಹಳೆಯ ಕಟ್ಟಡಗಳನ್ನು ಈಗ ಕಂಪ್ಯೂಟರಿನೊಳಗೆ ಇಳಿಸಿ ಕಾಪಾಡುತ್ತಾರಂತೆ. ಆ ಸುದ್ದಿ ಓದಿದಾಗಲೆಲ್ಲ ನನ್ನ ಕೈ ತಾನಾಗಿ ಮೀಸೆಗೆ ಹೋಗುತ್ತದೆ. ಏಕೆಂದರೆ ಎಂಬತ್ತರ ದಶಕದಲ್ಲೇ ಬಲ್ಮಠದಲ್ಲಿ ನಾನು ಆ ಕೆಲಸ ಮಾಡಿ ಮುಗಿಸಿದ್ದೆ. ಸಾಕ್ಷಿ ಎಲ್ಲಿ ಎಂದು ಮಾತ್ರ ಕೇಳಬೇಡಿ.

ನಮ್ಮ ಪಕ್ಕದ ಮನೆ ಲಿಲ್ಲಿಬಾಯಿಯವರದು. ಅವರ ಮಾವನ ಕಾಲದ್ದು. ಮುರಕಲ್ಲಿನ ದಪ್ಪ ಗೋಡೆ, ಕೆಂಪು ಹೆಂಚು, ಮರದ ಜಾಲರಿಯ ಜಗಲಿ. ಅಡಿಗೆಕೋಣೆಗೆ ಒಂದು ತಗ್ಗು ಬಾಗಿಲು. ತಲೆ ಬಗ್ಗಿಸದೆ ಬಂದವರಿಗೆ ಅದು ಅಲ್ಲೇ ವಿನಯ ಕಲಿಸುತ್ತಿತ್ತು. ಲಿಲ್ಲಿಬಾಯಿಯ ಮಗ ವಲೇರಿಯನ್ ನನ್ನ ಬಾಲ್ಯದ ಗೆಳೆಯ; ನಮ್ಮಿಬ್ಬರ ಹಣೆಯ ಬುಗುಟುಗಳೆಲ್ಲ ಆ ಬಾಗಿಲಿನ ಪ್ರಸಾದವೇ.

ಅವನು ಬಹ್ರೇನಿನಲ್ಲಿದ್ದ. ಹೆಂಚು ಹೊತ್ತ ಮರದ ಪಕ್ಕಾಸಿಗೆಲ್ಲ ಗೆದ್ದಲು ಹಿಡಿದಿದ್ದರಿಂದ, ಮನೆ ಕೆಡವಿ ಅಲ್ಲೇ ಫ್ಲ್ಯಾಟು ಕಟ್ಟುವುದೆಂದು ಅವನೇ ತೀರ್ಮಾನಿಸಿದ; ತೀರ್ಮಾನಿಸಿ ಅವನೇ ಊಟ ಬಿಟ್ಟ. ರಜೆ ಮುಗಿಸಿ ಹೊರಡುವಾಗ, ಟಿ.ವಿ.ಗೆ ಜೋಡಿಸುವ ಪುಟ್ಟ ಕಂಪ್ಯೂಟರೊಂದನ್ನು ನನ್ನ ಮಡಿಲಲ್ಲಿಟ್ಟ. ಅಂಥದೇ ಇನ್ನೊಂದು ಅವನ ಬಹ್ರೇನಿನ ಕೋಣೆಯಲ್ಲಿತ್ತು.

"ನೀನು ಲೆಕ್ಕದ ಮಾಷ್ಟ್ರು. ಮನೆಯನ್ನು ಇದರೊಳಗೆ ಹಾಕಿ ಕಳಿಸು ಮಾರಾಯ. ಮುಂದಿನ ಸರ್ತಿ ಬರುವಾಗ ಅದು ಇರುದಿಲ್ಲ" ಎಂದ.

ಮಂಗನ ಕೈಗೆ ಮಾಣಿಕ್ಯ ಬಂತು. ನಾನು ಟೇಪು ಹಿಡಿದು ಅಳೆಯತೊಡಗಿದೆ. ಅದರ ಇನ್ನೊಂದು ತುದಿ ಲಿಲ್ಲಿಬಾಯಿಯ ಕೈಯಲ್ಲಿ. ಗೋಡೆಗೊಂದು ಚಹಾ, ಕಿಟಕಿಗೊಂದು ಕಥೆ.

"ಈ ಚಿಲಕ ಒಂದು ನಮೂನೆ ಅಳ್ತದೆ ಮಾಷ್ಟ್ರೇ. ಅದನ್ನು ಎಲ್ಲಿ ಬರೀತೀರಿ?"

ಬರೆಯಲು ನನ್ನಲ್ಲಿ ಜಾಗವಿರಲಿಲ್ಲ. ನಮ್ಮ ಹಿರಿಯರು ಗೇಣು, ಮೊಳ, ಮಾರುಗಳಲ್ಲಿ ಅಳೆಯುತ್ತಿದ್ದರು; ಮನುಷ್ಯನ ಮೈಯೇ ಅವರ ಅಳತೆಕೋಲು. ಅದು ಅನಾಗರಿಕ ಪದ್ಧತಿ ಎಂದು ತರಗತಿಯಲ್ಲಿ ಪಾಠ ಮಾಡುತ್ತಿದ್ದವನು ನಾನು.

ಅಂತೂ ಮನೆ ಟಿ.ವಿ.ಯಲ್ಲಿ ಮೂಡಿತು, ಬಿಳಿ ಗೆರೆಗಳಲ್ಲಿ. ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದಂತಿತ್ತು. ಲಿಲ್ಲಿಬಾಯಿ ಕನ್ನಡಕ ಏರಿಸಿ ನೋಡಿದರು.

"ಬೆಂಕಿಪೆಟ್ಟಿಗೆ ಚಂದ ಉಂಟು. ಮನೆ ಎಲ್ಲಿ?"

ಆ ಯಂತ್ರಕ್ಕೆ ಸ್ವಂತ ನೆನಪಿಲ್ಲ. ಸ್ವಿಚ್ಚು ಆರಿಸಿದರೆ ಎಲ್ಲವೂ ಮರೆತು ಹೋಗುತ್ತದೆ. ಅದಕ್ಕೇ ಹಾಡು ಕೇಳುವ ಸಾಮಾನ್ಯ ಕ್ಯಾಸೆಟ್ಟಿಗೆ ಮನೆಯನ್ನು, ಕಂಪ್ಯೂಟರಿಗಷ್ಟೇ ತಿಳಿಯುವ ಸದ್ದಾಗಿ, ತುಂಬಿಸಿದೆ. ಕಾಗದದ ಯುಗ ಮುಗಿಯಿತೆಂದು ಅಳತೆಯ ಚೀಟಿಗಳನ್ನು ಬಚ್ಚಲ ಒಲೆಗೆ ಹಾಕಿದೆ. ಹತ್ತಿರದ ಉರ್ವದವರೊಬ್ಬರು ಬಹ್ರೇನಿಗೆ ಹೊರಟಿದ್ದರು; ಅವರ ಕೈಯಲ್ಲಿ ಕಳಿಸಿ ಎಂದು ಕ್ಯಾಸೆಟ್ಟನ್ನು ಲಿಲ್ಲಿಬಾಯಿಗೆ ಒಪ್ಪಿಸಿದೆ. ಕೆಲವೇ ದಿನಗಳಲ್ಲಿ ಮನೆ ನೆಲಕ್ಕಿಳಿಯಿತು. ನನಗೆ ದುಃಖವಾಯಿತು, ಒಳಗೊಳಗೇ ಹೆಮ್ಮೆಯೂ ಆಯಿತು.

ಮುಂದಿನ ರಜೆಗೆ ವಲೇರಿಯನ್ ಬಂದಾಗ ಅವರ ಸಂಸಾರ ಹೊಸ ಫ್ಲ್ಯಾಟಿನಲ್ಲಿತ್ತು. "ನಿನ್ನ ಮನೆ ಕೇಳು" ಎಂದು ಅದೇ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿಗೆ ಹಾಕಿದ. ಹೊರಬಂದದ್ದು ಲಿಲ್ಲಿಬಾಯಿಯ ಸ್ವರ.

ಆಗೆಲ್ಲ ಗಲ್ಫಿಗೆ ಕ್ಯಾಸೆಟ್ಟೇ ಪತ್ರ. ಮನೆಯವರೆಲ್ಲ ಸುತ್ತ ಕುಳಿತು ಮಾತಾಡಿ ತುಂಬಿಸಿ ಕಳಿಸುತ್ತಿದ್ದರು. ಲಿಲ್ಲಿಬಾಯಿ ನನ್ನ ಮಹಾಕೃತಿಯನ್ನು ಒಮ್ಮೆ ಹಾಕಿ ಕೇಳಿದ್ದರಂತೆ; ಪಕ್ಕದಲ್ಲೇ ಕುಳಿತಿದ್ದ ಅವರೇ ಹೇಳಿದರು.

"ಬರೇ ಕಿರಿಕಿರಿ ಇತ್ತು ಮಾಷ್ಟ್ರೇ. ಪಾಪ, ನಿಮಗೆ ಸರಿಯಾಗ್ಲಿಲ್ಲ ಅಂತ ಗ್ರಹಿಸಿದೆ. ಒಳ್ಳೆ ಟೇಪು, ಬಿಸಾಡುದು ಯಾಕೆ? ಅದರ ಮೇಲೆಯೇ ಮಾತಾಡಿದೆ."

ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ನನಗೆ ಸಿಟ್ಟು ಬಂತು. ಆದರೆ ಟೇಪು ಓಡುತ್ತಲೇ ಇತ್ತು; ಸಿಟ್ಟು ಮಾಡುತ್ತ ಕೇಳಿಸಿಕೊಳ್ಳುವುದು ಕಷ್ಟ.

ಲಿಲ್ಲಿಬಾಯಿ ರೆಕಾರ್ಡರನ್ನು ಮಗುವಿನಂತೆ ಎತ್ತಿಕೊಂಡು ಖಾಲಿ ಮನೆಯಲ್ಲೆಲ್ಲ ನಡೆದಿದ್ದರು. ಕೊಂಕಣಿಯಲ್ಲಿ ಮಗನಿಗೆ ಒಂದೊಂದನ್ನೇ ತೋರಿಸುತ್ತಿದ್ದರು. ಜಗಲಿಯ ಹಲಗೆ ಕಿರುಗುಟ್ಟಿತು. ಚಿಲಕ ನಿಜವಾಗಿಯೂ ಅತ್ತಿತು. ಹಜಾರದಲ್ಲಿ ಅವರ ಸ್ವರ ದೊಡ್ಡದಾಯಿತು, ಓಣಿಯಲ್ಲಿ ಸಣ್ಣದಾಯಿತು. ಕಣ್ಣು ಮುಚ್ಚಿದರೆ ಯಾವ ಗೋಡೆ ಎಷ್ಟು ದೂರ ಎಂದು ಹೇಳಬಹುದಿತ್ತು.

"ಈಗ ಅಡಿಗೆಕೋಣೆಗೆ, ಪುತಾ" ಎಂದಿತು ಟೇಪು. "ತಲೆ, ಜಾಗ್ರತೆ!"

ಫ್ಲ್ಯಾಟಿನ ಸೋಫಾದಲ್ಲಿ ಕುಳಿತಿದ್ದ ವಲೇರಿಯನ್ ತಟ್ಟನೆ ತಲೆ ಬಗ್ಗಿಸಿದ. ನಾನೂ ಬಗ್ಗಿಸಿದ್ದೆ. ಕೂಡಲೇ ಎತ್ತಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಬಾಗಿಲು ದಾಟಿ ಆಯಿತೋ ಇಲ್ಲವೋ ಗೊತ್ತಿರಲಿಲ್ಲ.